ನಲ್ಲಿಯಿಂದ ಮೆಟ್ಟಿಲಿಗೆ ಅರವತ್ತೆರಡು ಹೆಜ್ಜೆ

ಬೆಳಕು ಹರಿಯುವ ಮೊದಲು ಅವಳ ಕೆಲಸಗಳು ಇವು: ಒಲೆ ಹಚ್ಚುವುದು, ಹಿತ್ತಿಲ ನಲ್ಲಿಯಿಂದ ಹದಿನಾಲ್ಕು ಬಕೆಟ್ ನೀರು ಹೊರುವುದು, ಅತ್ತೆಯ ಮಾತ್ರೆಗೆ ನೀರು ಬೆಚ್ಚಗೆ ಮಾಡುವುದು, ಗಂಡನ ಸ್ನಾನಕ್ಕೆ ಕಾಯಿಸುವುದು, ರಾತ್ರಿಯ ಪಾತ್ರೆ ತಿಕ್ಕುವುದು, ನೆನೆಹಾಕಿದ ಬಟ್ಟೆ ಒಗೆದು ಹಗ್ಗಕ್ಕೆ ಹರವುವುದು, ಗಂಡನ ಊಟದ ಡಬ್ಬಿ ಕಟ್ಟುವುದು, ಅದರ ಮುಚ್ಚಳ ಹುಡುಕುವುದು. ಇಷ್ಟಾದ ಮೇಲೆ ಮನೆಯವರು ಏಳುತ್ತಾರೆ. ಎದ್ದು, "ಇವತ್ತು ಬೇಗ ಬೆಳಗಾಯ್ತಪ್ಪ" ಎನ್ನುತ್ತಾರೆ, ಬೆಳಗು ತಾನಾಗಿಯೇ ಆದ ಹಾಗೆ.

ನಲ್ಲಿಯಿಂದ ಅಡುಗೆಮನೆಯ ಮೆಟ್ಟಿಲಿಗೆ ಅರವತ್ತೆರಡು ಹೆಜ್ಜೆ. ನೇರ ಹೋದರೆ ನಲವತ್ತೇ. ಆದರೆ ಒಗೆಯುವ ಕಲ್ಲು, ಬಟ್ಟೆ ಹಗ್ಗ, ಸೌದೆ ಗೂಡು ಎಲ್ಲವನ್ನೂ ಮಾತಾಡಿಸಿಕೊಂಡು ಬರಬೇಕು. ಇಪ್ಪತ್ತಾರು ವರ್ಷ ಓಡಾಡಿದ್ದಕ್ಕೆ ಹುಲ್ಲು ಸತ್ತು, ನೆಲ ಗಟ್ಟಿಯಾಗಿ, ಹಿತ್ತಿಲಲ್ಲೊಂದು ಬಿಳಿ ಜಾಡು ಬಿದ್ದಿತ್ತು. ಅಡುಗೆಮನೆಯೊಳಗೆ ಒಂದು ನಲ್ಲಿ ಕೊಡಿ ಎಂದು ಅವಳು ನೀರಿನ ಕಚೇರಿಗೆ ಅರ್ಜಿ ಹಾಕಿ ಹನ್ನೊಂದು ವರ್ಷವಾಗಿತ್ತು.

ಅಷ್ಟರಲ್ಲಿ ಹವ್ಯಾಸಕ್ಕೆ ನಡೆಯುವವರಿಗಾಗಿ ಆರುನೂರು ಕಿಲೋಮೀಟರಿನ ಕಾಲುದಾರಿಯೊಂದು ತಯಾರಾಯಿತು. ನಕ್ಷೆ ಬರೆಯುವವನು ಆಕಾಶದಿಂದ ತೆಗೆದ ಚಿತ್ರದಲ್ಲಿ ಅವಳ ಹಿತ್ತಿಲ ಬಿಳಿ ಗೆರೆ ನೋಡಿದ. ಇದು ಹಳೆಯ ಕಾಲದ ಪಯಣಿಗರ ಜಾಡೇ ಸೈ ಎಂದುಕೊಂಡು ಸೇರಿಸಿಬಿಟ್ಟ. ಬೇಲಿಗೆ ಹಳದಿ ಬಾಣ ಬಂತು. ಮರುವಾರ ಜನ ಬಂದರು.

ಬಂದವರು ಬಲು ಶಿಸ್ತಿನವರು. ನಕ್ಷೆಯಲ್ಲಿದ್ದಂತೆ ನಲ್ಲಿಯ ಹತ್ತಿರ ನಿಂತರು, ಕಲ್ಲು ಸುತ್ತಿದರು, ಅತ್ತೆಯ ಒದ್ದೆ ಸೀರೆಯ ಕೆಳಗೆ ಬಗ್ಗಿ ದಾಟಿದರು, ಮೆಟ್ಟಿಲವರೆಗೆ ಬಂದು ಹಿಂದಿರುಗಿದರು.

"ದಾರಿ ಇಲ್ಲಿಗೇ ಮುಗೀತಾ ಅಕ್ಕಾ?" ಎಂದು ಬೆನ್ನಿಗೆ ದೊಡ್ಡ ಚೀಲ ಹೊತ್ತ ಒಬ್ಬ ಕೇಳಿದ.

"ಮುಂದೆ ಒಲೆ ಇದೆ. ಹೋಗ್ತೀನಿ ಅಂದ್ರೆ ನಾನೇನು ತಡೆಯಲ್ಲ."

ಅವನು ಬಕೆಟ್ ಹೊರುವ ಆಸೆ ತೋರಿಸಿದ. ದೇವರೇ ಕಣ್ಣು ಬಿಟ್ಟ ಎಂದುಕೊಂಡು ಕೊಟ್ಟಳು. ಅವನು ಮೆಟ್ಟಿಲವರೆಗೆ ಹೊತ್ತು ತಂದು, ಕಣ್ಣು ಮುಚ್ಚಿ ದೀರ್ಘವಾಗಿ ಉಸಿರೆಳೆದುಕೊಂಡು, ಬಕೆಟ್ ಹೊತ್ತುಕೊಂಡೇ ಹಿಂದೆ ಹೋಗಿ ನಲ್ಲಿಯ ಬುಡಕ್ಕೆ ನೀರು ಸುರಿದ.

"ಅಯ್ಯೋ, ಒಳಗೆ ಹಂಡೆಗೆ ಸುರೀರಪ್ಪಾ!"

"ಬಾಣ ವಾಪಸ್ ತೋರಿಸ್ತಿದೆಯಲ್ಲ ಅಕ್ಕಾ."

ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತು ಮಂದಿ ಹೀಗೆ ಹೊತ್ತಿದ್ದರು. ಹಂಡೆ ಮಾತ್ರ ಖಾಲಿಯೇ ಇತ್ತು. ನಡೆಯುವವರೆಲ್ಲ ಅವಳಿಗೆ 'ಬಕೆಟ್ ಅಕ್ಕ' ಎಂದು ಹೆಸರಿಟ್ಟರು.

ವರ್ಷ ಕಳೆಯಿತು. ದಾರಿ ಕಚೇರಿಯ ಅಧಿಕಾರಿ ಕಡತ ಹಿಡಿದು ಬಂದ. ಇಡೀ ದಾರಿಯಲ್ಲಿ ನಿಮಗೆ ತುಂಬ ಇಷ್ಟವಾದದ್ದೇನು ಎಂದು ಎಲ್ಲರನ್ನೂ ಕೇಳಿದ್ದರಂತೆ.

"ಗುಡ್ಡ, ಕೆರೆ, ಕಾಡು ಎಲ್ಲ ಹಿಂದೆ ಬಿದ್ವು ಅಮ್ಮಾ. ನಿಮ್ಮ ಹಿತ್ತಿಲೇ ಮೊದಲು! ಕೇಳಿ, ಒಬ್ಬರು ಬರೆದಿದ್ದಾರೆ: 'ಇಲ್ಲಿ ನಡೆಯುವಾಗ ನನ್ನ ತಲೆಯಲ್ಲಿ ಒಂದು ಯೋಚನೆಯೂ ಇರಲಿಲ್ಲ.'"

"ಎಲ್ಲಿಂದ ಇರುತ್ತೆ? ಸಾಬೂನು ತುಳಿದು ಬೀಳ್ತಾರೋ ಏನೋ ಅಂತ ಅವರ ಯೋಚನೆನೂ ನಾನೇ ಮಾಡ್ತಿದ್ನಲ್ಲ."

ಅಧಿಕಾರಿ ಅದನ್ನೂ ಬರೆದುಕೊಂಡ. "ಈ ದಾರೀಲಿ ಎಷ್ಟು ವರ್ಷದಿಂದ ನಡೀತಿದ್ದೀರಿ?"

"ನಾನೆಲ್ಲಿ ನಡೆದೆ? ಮನೆ ನಡೆಸ್ತಿದ್ದೆ."

ಅವನು ಪೆನ್ನು ಎತ್ತಿ, ಆ ಮನೆ ಯಾವ ಕಡೆಗೆ ನಡೆಯುತ್ತದೆ ಎಂಬಂತೆ ಗೋಡೆಯತ್ತ ನೋಡಿದ. ಆಮೇಲೆ ದನಿ ತಗ್ಗಿಸಿ ಬಂದ ವಿಷಯ ಹೇಳಿದ. ಅಡುಗೆಮನೆ ನಲ್ಲಿಗೆ ನೀರಿನ ಕಚೇರಿಯಿಂದ ಈಗ ಮಂಜೂರಾತಿ ಸಿಕ್ಕಿದೆ, ಗುರುವಾರ ಪ್ಲಂಬರ್ ಬರುತ್ತಾನೆ. ದಯವಿಟ್ಟು ಬೇಡ ಎನ್ನಬೇಕು. ನಲ್ಲಿ ಒಳಗೆ ಬಂದರೆ ಜಾಡಿನ ಮೇಲೆ ಹುಲ್ಲು ಬೆಳೆಯುತ್ತದೆ.

"ಅಷ್ಟು ಜನ ತುಳೀತಾರಲ್ಲ, ಸಾಲ್ದಾ?"

"ಅವರು ಮೆತ್ತನೆ ಬೂಟು ಹಾಕ್ತಾರೆ. ತಜ್ಞರನ್ನ ಕೇಳಿದ್ವಿ. ತುಂಬಿದ ಬಕೆಟ್ಟಿನ ಭಾರ ಬೇಕು, ಜೊತೆಗೆ ಹೊತ್ತಾಯ್ತು ಅನ್ನೋ ಅವಸರನೂ ಬೇಕಂತೆ."

ಗಡಿಯಾರ ರಿಪೇರಿ ಮಾಡುವ ಗಂಡ ಅಂದು ಸಂಜೆ ಅಂಗಡಿಯಿಂದ ನಾಲ್ಕು ಅಂಗುಲ ಎತ್ತರವಾಗಿ ಬಂದ. "ಗೌರವದ ವಿಷಯ ಕಣೇ. ಇಷ್ಟು ವರ್ಷ ಹೊತ್ತಿದ್ದೀಯ, ಇನ್ನಷ್ಟು ದಿನ ಹೊತ್ರೆ ಏನಾಗುತ್ತೆ?"

"ನೀವೂ ನಾಲ್ಕು ಬಕೆಟ್ ಹೊರಿ ರೀ. ಗೌರವ ಹಂಚ್ಕೊಳ್ಳೋಣ."

"ನನ್ನ ಹೆಜ್ಜೆ ದೊಡ್ಡದು. ಜಾಡು ಕೆಡುತ್ತೆ."

"ಒಳಗೇ ನೀರು ಬಂದ್ರೆ ಕೈಕಾಲು ಹಿಡ್ಕೊಳ್ಳುತ್ತೆ ಕಣಮ್ಮಾ" ಎಂದರು ಅತ್ತೆ, ಕುರ್ಚಿಯಲ್ಲಿ ಕಾಲು ಚಾಚಿಕೊಂಡು.

ಗುರುವಾರ ಪೇಟೆಯಲ್ಲಿ ಸನ್ಮಾನ. ಜಾಡನ್ನು ಕಾಪಾಡಿದ ಕುಟುಂಬಕ್ಕೆ ಕಾರಿನಲ್ಲಿ ಎರಡು ಸೀಟು. ಅತ್ತೆಯೂ ಗಂಡನೂ ಹೊರಟರು. ಅವಳು ಹೋಗುವಂತಿರಲಿಲ್ಲ, ದಾರಿ ಒಂದು ದಿನವೂ ಬಿಡುವಾಗಿರಬಾರದಲ್ಲ. "ಪ್ಲಂಬರ್ ಬಂದ್ರೆ ವಾಪಸ್ ಕಳಿಸು" ಎಂದು ಗಂಡ ಕಾರಿನ ಕಿಟಕಿಯಿಂದ ಕೂಗಿದ.

ಪ್ಲಂಬರ್ ಹತ್ತು ಗಂಟೆಗೆ ಬಂದ. ಹಿತ್ತಿಲಲ್ಲಿ ಆಗಲೇ ಒಂಬತ್ತು ಮಂದಿ ಸಾಲಾಗಿ ನಿಂತಿದ್ದರು. ಮುಂದಿದ್ದ ಹೆಂಗಸು ನಗುತ್ತ, "ಬಕೆಟ್ ಅಕ್ಕಾ, ನೀವು ಮೊದಲು ನಡೀರಿ, ನಾವು ಹಿಂದೇನೇ ಬರ್ತೀವಿ" ಎಂದಳು. ತಮಾಷೆಗೆ ಹೇಳಿದ್ದಲ್ಲ, ಅವಳ ಕಣ್ಣಲ್ಲಿ ಭಕ್ತಿಯಿತ್ತು.

"ಇವತ್ತು ಬಿಟ್ರೆ ಮಂಜೂರಾತಿ ರದ್ದಾಗುತ್ತೆ ಅಕ್ಕಾ, ಮತ್ತೆ ಮೊದಲಿಂದ ಅರ್ಜಿ" ಎಂದು ಪ್ಲಂಬರ್ ಕಾಗದ ಚಾಚಿದ. ಕೆಳಗೆ 'ಮನೆಯ ಯಜಮಾನರ ಸಹಿ' ಎಂದಿತ್ತು. "ಯಜಮಾನರು ಇಲ್ವಾ?"

ಅವಳು ಕೈ ಒರೆಸಿಕೊಂಡು ಕಾಗದ ತೆಗೆದುಕೊಂಡಳು. ತನ್ನ ಹೆಸರನ್ನು ಪೂರ್ತಿಯಾಗಿ, ಒಂದಕ್ಷರವನ್ನೂ ನುಂಗದೆ ಬರೆದಳು. ಒಲೆಯ ಎಡಗಡೆಯ ಗೋಡೆಯ ಮೇಲೆ ಇದ್ದಿಲಿನಿಂದ ಗುರುತು ಹಾಕಿ, "ಇಲ್ಲಿ ಕೊರೀರಿ" ಎಂದಳು.

"ಹೊರಗಿನ ನಲ್ಲಿ ಹಾಗೇ ಇರ್ಲಾ?"

ಅವಳು ಬಾಗಿಲಲ್ಲಿ ನಿಂತು ನೋಡಿದಳು. ಒಂಬತ್ತು ಮಂದಿ ಕೈಬೀಸಿದರು. ಹೊರಗೊಂದು ನಲ್ಲಿ ಉಳಿದರೆ ನಾಳೆ ಯಾರಾದರೂ ಫೋಟೋಗೆಂದು ಒಂದೇ ಒಂದು ಬಕೆಟ್ ಹೊರಲು ಹೇಳುತ್ತಾರೆ, ನಾಡಿದ್ದು ಅದೇ ರೂಢಿಯಾಗುತ್ತದೆ.

"ಬೇಡ," ಎಂದಳು. "ಮೊದಲು ಅದನ್ನೇ ಕಿತ್ತು ಹಾಕಿ."