ಖಾಲಿ ರೊಪ್ಪ ಕಾದ ಕಾಟಮ್ಮ

ಕತ್ತಲು ಇನ್ನೂ ಪೂರ್ತಿ ಹರಿದಿಲ್ಲ. ಚಳಿ ಮಾತ್ರ ನಮಗಿಂತ ಮೊದಲೇ ಬಂದು ಗುಡ್ಡದ ಮೇಲೆ ಕೂತಿದೆ. ಕಂಬಳಿಯ ಕೊಪ್ಪೆ ಹಾಕಿಕೊಂಡ ಹೆಂಗಸೊಬ್ಬರು ಕವೆಗೋಲನ್ನು ಮುಳ್ಳುಬೇಲಿಯ ಬುಡಕ್ಕೆ ತೂರಿಸಿ, ಉಸಿರು ಬಿಗಿಹಿಡಿದು, ಕಾರೆಮುಳ್ಳಿನ ದೊಡ್ಡ ಕಂಪೆಯೊಂದನ್ನು ಮೇಲೆತ್ತುತ್ತಾರೆ. ಅದನ್ನು ಕೋಲಿನ ತುದಿಯಲ್ಲೇ ಹೊತ್ತು ದೂರ ನಡೆದು, ಮಗುವನ್ನು ಮಲಗಿಸಿದ ಹಾಗೆ ಮೆಲ್ಲಗೆ ಕೆಳಗಿಡುತ್ತಾರೆ. ಮತ್ತೆ ಬರುತ್ತಾರೆ, ಮತ್ತೆ ಎತ್ತುತ್ತಾರೆ. ಬೇಲಿ ಹಾಕುವವರನ್ನು ನೋಡಿದ್ದೇನೆ, ಕಿತ್ತೆಸೆಯುವವರನ್ನೂ ನೋಡಿದ್ದೇನೆ. ಇಷ್ಟು ಮರ್ಯಾದೆಯಿಂದ ಬೇಲಿ ತೆಗೆಯುವವರನ್ನು ನೋಡುತ್ತಿರುವುದು ಇದೇ ಮೊದಲು.

ಇವರೇ ಕಾಟಮ್ಮ. ಪಕ್ಕದ ಗೊಲ್ಲರ ಹಟ್ಟಿಯವರು, ವಯಸ್ಸು ಐವತ್ತರ ಆಚೆ ಈಚೆ. ನಾನು ಬೇಲಿಯ ಬಾಗಿಲ ಬಳಿ ಹೋಗುವಷ್ಟರಲ್ಲಿ, ತಿರುಗಿಯೂ ನೋಡದೆ ಅಪ್ಪಣೆ ಬರುತ್ತದೆ.

"ಕಾಲಾಗಿನ್ವು ಅಲ್ಲೇ ಬಿಡ್ರಿ ಸ್ವಾಮಿ."

ಬಿಡಬಹುದಿತ್ತು, ಚಪ್ಪಲಿಯಾಗಿದ್ದರೆ. ಗುಡ್ಡ ಹತ್ತಬೇಕೆಂದು ಹುರುಪಿನಿಂದ ಹೊಸ ಬೂಟು ಕೊಂಡು ತಂದ ಮಹಾನುಭಾವ ನಾನು. ಮರಗಟ್ಟಿದ ಬೆರಳುಗಳಲ್ಲಿ ಅದರ ದಾರ ಬಿಚ್ಚಲು ಹೆಣಗುತ್ತಿರುವುದನ್ನು ನೋಡಿ, ಹಿರಿಯೂರಿನಿಂದ ನನ್ನನ್ನು ಕರೆತಂದ ಜಟಕಾದ ಇಮಾಮ್ ಸಾಬರು ಗಡ್ಡದೊಳಗೇ ನಗುತ್ತಾರೆ. ಈ ಮನುಷ್ಯನ ಮೇಲೆ ನನಗೆ ಮೊದಲೇ ಸಿಟ್ಟಿದೆ. ಕಾಲಿಡುವ ಜಾಗದಲ್ಲಿ ಗೋಣಿಚೀಲ ಸುತ್ತಿದ ಏನೋ ಗಟ್ಟಿ ಗಂಟು ಇಟ್ಟು, ದಾರಿಯುದ್ದಕ್ಕೂ ನನ್ನ ಕಣಕಾಲು ಜಜ್ಜಿಸಿದ್ದಾರೆ. ಏನದು ಎಂದರೆ, ಆಮೇಲೆ ಗೊತ್ತಾಗ್ತೈತೆ ಎಂಬುದೊಂದೇ ಉತ್ತರ.

ನಾನು ಬಂದದ್ದು ಒಂದು ದಿನದ ಪ್ರವಾಸಕ್ಕೆ. ಆದಿವಾಲ ದಾಟಿ, ಡಾಂಬರು ಬಿಟ್ಟು, ಗಾಡಿ ಜಾಡು ಹಿಡಿದು ಬಂದರೆ ಸಿಗುವ ಗುಡ್ಡದ ಮಗ್ಗುಲಲ್ಲಿ ಬೌದ್ಧರ ಕಾಲದ ಗುಡಿಯೊಂದು ಪತ್ತೆಯಾಗಿದೆ ಎಂದು ಚಿತ್ರದುರ್ಗದ ಗೆಳೆಯರು ಹೇಳಿದ್ದರು. ನಿಜವೇ. ಬೇಲಿಯೊಳಗೆ ಮೊಳದುದ್ದದ ಇಟ್ಟಿಗೆಗಳಿಂದ ದುಂಡಗೆ ಕಟ್ಟಿದ, ಸೊಂಟದೆತ್ತರದ ಒಂದು ಗೋಡೆ. ಅದು ಬುದ್ಧನ ಹೆಸರಿನಲ್ಲಿ ಎತ್ತಿದ ಸ್ತೂಪದ ಸುತ್ತುಗೋಡೆಯಂತೆ. ನಡುವೆ ಉಳಿದಿರುವ ಮಣ್ಣಿನ ದಿಬ್ಬವೇ ಸ್ತೂಪ. ಪಕ್ಕದಲ್ಲಿ ಭಿಕ್ಷುಗಳು ಕೂತು ಪ್ರಾರ್ಥನೆ ಮಾಡುತ್ತಿದ್ದ ಮಂಟಪದ ಅಡಿಪಾಯ. ಬರಿಗಾಲಿಗೆ ತಣ್ಣಗೆ ತಾಗುವ ಆ ಇಟ್ಟಿಗೆಯ ಮೇಲೆ ನಿಂತಾಗ, ಸುಳ್ಳೇಕೆ ಹೇಳಲಿ, ಮೈ ಜುಮ್ಮೆಂದಿತು.

ಆದರೆ ಬೇಲಿಯಾಚೆ ನೋಡಿದರೆ ಹೊಟ್ಟೆ ಉರಿಯುತ್ತದೆ. ಇಳಿಜಾರಿನ ತುಂಬ ಬರೀ ಗುಂಡಿಗಳು. ಅಲ್ಲಿಯೂ ಒಂದು ಕಾಲಕ್ಕೆ ಇದೇ ಇಟ್ಟಿಗೆಯ ಕಟ್ಟಡಗಳಿದ್ದವು. ಅವೆಲ್ಲ ಎಲ್ಲಿಗೆ ಹೋದವೆಂದು ಇಮಾಮ್ ಸಾಬರನ್ನು ಕೇಳಿದೆ. ಸುತ್ತಲಿನ ಊರುಗಳ ಬಾವಿಕಟ್ಟೆಗೆ, ಒಲೆಗೆ, ಹಿತ್ತಿಲ ಗೋಡೆಗೆ ಎಂದರು. ಆಮೇಲೆ ತುಸು ಹಿಂಜರಿದು, "ನಮ್ಮ ಲಾಯದಾಗೂ ಎಲ್ಡು ಇದ್ವು ಸಾಹೇಬ್ರೆ, ನಮ್ಮ ತಾತ ತಂದಿದ್ದು. ಆದ್ರೆ ಬೇಲಿ ಒಳಗಿಂದಕ್ಕೆ ಯಾರೂ ಕೈ ಹಾಕಿಲ್ಲ. ಕಾಟಮ್ಮಕ್ಕನ ಮುಳ್ಳು ಐತಲ್ಲ" ಎಂದರು.

ಆ ಮುಳ್ಳಿನ ಕತೆ ಒಂದು ತಪ್ಪು ತಿಳಿವಳಿಕೆಯಿಂದ ಶುರುವಾಗುತ್ತದೆ. ಜವನಗೊಂಡನಹಳ್ಳಿ ಕಡೆಯ ಹಟ್ಟಿಯಲ್ಲಿ ಹುಟ್ಟಿದ ಕಾಟಮ್ಮ ಮದುವೆಯಾಗಿ ಇಲ್ಲಿಗೆ ಬಂದ ಹೊಸದರಲ್ಲೇ ಅತ್ತೆ ಚಿತ್ತಮ್ಮ ಸೊಸೆಯ ಕೈಗೆ ಕವೆಗೋಲು ಕೊಟ್ಟು ಈ ಜಾಗಕ್ಕೆ ಕರೆತಂದರು. ಇದು ನಮ್ಮ ಹಿರಿಯರು ಮೊದಲ ಸಲ ಕುರಿ ಕೂಡಿದ ರೊಪ್ಪ ಎಂದರು. ರೊಪ್ಪವೆಂದರೆ ಇರುಳು ಕುರಿಗಳನ್ನು ಕೂಡುವ ಮುಳ್ಳುಬೇಲಿಯ ದೊಡ್ಡಿ. ದುಂಡನೆಯ ಗೋಡೆ, ಒಂದೇ ಬಾಗಿಲು, ಕುರಿ ನೆಗೆಯಲಾರದಷ್ಟು ಎತ್ತರ. ಹುಟ್ಟಿದಾರಭ್ಯ ಕುರಿ ನೋಡಿದವರ ಕಣ್ಣಿಗೆ ಅದು ಬೇರೇನಾಗಿ ಕಾಣಬೇಕು, ನೀವೇ ಹೇಳಿ.

ಈ ಹಟ್ಟಿಯವರಿಗೆ ರೊಪ್ಪದ ಕಟ್ಟಳೆಗಳಿವೆ. ಮೆಟ್ಟು ಹಾಕಿಕೊಂಡು ಒಳಗೆ ಕಾಲಿಡಬಾರದು. ವರ್ಷಕ್ಕೊಮ್ಮೆ ಹಳೆ ಮುಳ್ಳು ತೆಗೆದು ಹೊಸದನ್ನು ಹಾಕಬೇಕು. ಎಲ್ಲಕ್ಕಿಂತ ದೊಡ್ಡದು, ಮುಳ್ಳನ್ನು ಯಾವ ಮನೆಯವರು ಹಾಕಿದರೋ ಅದೇ ಮನೆಯವರು ತೆಗೆಯಬೇಕು. ಬೇರೆಯವರು ಮುಟ್ಟಿದರೆ ಮುಟ್ಟಿದವರ ಮಂದೆ ಉಳಿಯುವುದಿಲ್ಲ ಎಂಬ ಭಯ. ಹಿರಿಯರ ರೊಪ್ಪಕ್ಕೆ ಮುಳ್ಳು ಹಾಕುವ ಪಾಳಿ ಚಿತ್ತಮ್ಮನ ಮನೆಯದು. ಅತ್ತೆಯ ನಂತರ ಅದು ಸೊಸೆಗೆ ಬಂತು.

ಹೇಳುವಷ್ಟು ಸುಲಭದ ಕೆಲಸವಲ್ಲ. ರಾಗಿ ಕೊಯ್ಲು ಮುಗಿದ ಮೇಲೆ ಗಂಡ ಜುಂಜಯ್ಯ, ರೈತರ ಹೊಲಗಳಲ್ಲಿ ಗೊಬ್ಬರಕ್ಕಾಗಿ ಮಂದೆ ನಿಲ್ಲಿಸಲು ಹಿರೇಗುಂಟನೂರು ಕಡೆಗೆ ಹೊರಟುಬಿಡುತ್ತಾರೆ. ಆಗ ಕಾಟಮ್ಮ ಒಬ್ಬರೇ ಗುಡ್ಡದಲ್ಲಿ ಕಾರೆ, ಜಾಲಿ ಕಡಿದು, ದಿನಕ್ಕೆ ಕೈಲಾದಷ್ಟು ಹೊರೆ ಹೊತ್ತು ತರಬೇಕು. ತಿಂಗಳು ಹಿಡಿಯುವ ಕೆಲಸ, ಚಿಕ್ಕಾಸಿನ ಕೂಲಿಯಿಲ್ಲ. ಅಂಗೈ ತೋರಿಸಿ ಎಂದೆ. ಹಳೆಯ ಗಾಯಗಳ ಮೇಲೆ ಹೊಸ ಗಾಯಗಳು. ಹಿಮ್ಮಡಿಯಲ್ಲಿ ಮುರಿದುಕೊಂಡ ಮುಳ್ಳೊಂದು ವರ್ಷಗಟ್ಟಲೆ ಒಳಗೇ ಇದ್ದು, ಈಗ ಕುಂಟುವಂತೆ ಮಾಡಿದೆ.

ಇಷ್ಟರ ಮೇಲೆ ಊರವರ ಗೇಲಿ. ಸಂತೆಗೆ ಹೋದರೆ, ಖಾಲಿ ರೊಪ್ಪ ಕಾಯೋ ಕಾಟಮ್ಮ ಬಂದಳು ಎಂದು ನಗುತ್ತಿದ್ದರಂತೆ. ಕುರಿ ಎಷ್ಟು ಈದವು ಎಂದು ಬೇಕೆಂದೇ ಕೇಳುತ್ತಿದ್ದರಂತೆ. "ನಗೋರು ನಗ್ಲಿ ಅಂತ ಸುಮ್ನಿರ್ತಿದ್ದೆ. ಒಂದೊಂದ್ಸಲ ಮನೀಗೆ ಬಂದು ಅಳ್ತಿದ್ದೆ" ಎನ್ನುತ್ತಾರೆ, ಕವೆಗೋಲಿನ ಮೇಲೆ ಗಲ್ಲವೂರಿ.

ಹೋದ ವರ್ಷದ ಬೇಸಿಗೆಯಲ್ಲಿ ಲಾರಿ ಬಂತು. ಹಳ್ಳಿಯ ರಸ್ತೆ ಮಾಡಿಸುತ್ತಿದ್ದ ಕಂಟ್ರಾಕ್ಟರೊಬ್ಬರಿಗೆ ತಳಕ್ಕೆ ಹಾಸಲು ಇಟ್ಟಿಗೆ ಚೂರು ಬೇಕಿತ್ತು. ಗುಡ್ಡದಲ್ಲಿ ಪುಕ್ಕಟೆ ಇಟ್ಟಿಗೆ ಇದೆಯೆಂದು ಯಾರೋ ಕಿವಿಯೂದಿದ್ದರು. ಆಳುಗಳು ಹಾರೆ ಹಿಡಿದು ಇಳಿದರು. ಬೇಲಿಯ ಮುಂದೆ ಕಾಟಮ್ಮ ಒಬ್ಬರೇ. ಕೂಗಾಡಲಿಲ್ಲ, ಅಡ್ಡ ಮಲಗಲಿಲ್ಲ. ಇದು ರೊಪ್ಪ, ಮುಳ್ಳು ಹಾಕಿದವಳು ನಾನು, ಎತ್ತುವವರು ಎತ್ತಿ ಎಂದಷ್ಟೇ ಹೇಳಿ ಪಕ್ಕಕ್ಕೆ ಸರಿದು ನಿಂತರು.

ಆಳುಗಳ ಮೇಸ್ತ್ರಿ ಪಾಪಣ್ಣನೂ ಕುರಿ ಸಾಕುವ ಹಟ್ಟಿಯಲ್ಲೇ ಬೆಳೆದವರು. ಆ ಮಾತು ಕಿವಿಗೆ ಬಿದ್ದದ್ದೇ ತಡ, ಹಾರೆ ನೆಲಕ್ಕಿಟ್ಟು, ಟೈರಿನ ಚಪ್ಪಲಿ ಬಿಚ್ಚಿ ದೂರ ನಿಂತುಬಿಟ್ಟರು. ಆಳುಗಳೂ ಹಾಗೇ ಮಾಡಿದರು. ಕಂಟ್ರಾಕ್ಟರು ಬೈದರು, ಪುಸಲಾಯಿಸಿದರು. ಜಪ್ಪಯ್ಯ ಎಂದರೂ ಒಬ್ಬರೂ ಕದಲಲಿಲ್ಲ. ಕೊನೆಗೆ ಟೆರಿಲಿನ್ ಅಂಗಿ, ಬೆಲ್‌ಬಾಟಂ ಪ್ಯಾಂಟಿನ ಆ ಮನುಷ್ಯ ತಾನೇ ಕಂಪೆಗೆ ಕೈ ಹಾಕಿದರು. ಹಾಕಿದ್ದೇ ಬಂತು. ಕಾರೆಮುಳ್ಳು ತೋಳು ಹಿಡಿಯಿತು, ಬೆನ್ನು ಹಿಡಿಯಿತು, ಅಗಲವಾದ ಪ್ಯಾಂಟಿನ ಎರಡೂ ಕಾಲು ಹಿಡಿಯಿತು. ಅಲ್ಲಾಡಿದಷ್ಟೂ ಬಿಗಿಯಾಯಿತು.

ಬಿಡಿಸಿದ್ದು ಯಾರು ಅಂತೀರಿ? ಕಾಟಮ್ಮನೇ. ಅಲುಗಬೇಡಿ ಎಂದು ಹೇಳಿ, ಒಂದೊಂದೇ ಮುಳ್ಳನ್ನು ಬೆರಳಲ್ಲಿ ಬಿಡಿಸಿದರಂತೆ, ಅಂಗಿಯ ಒಂದು ನೂಲೂ ಹರಿಯದ ಹಾಗೆ. ಆ ಹೊತ್ತಿಡೀ ಆಳುಗಳು ನಗು ತಡೆಯಲಾರದೆ ಹೆಗಲ ಮೇಲಿನ ಟವೆಲು ಬಾಯಿಗೆ ತುರುಕಿಕೊಂಡಿದ್ದರು. ಲಾರಿ ಖಾಲಿ ಹೋಯಿತು.

ಆದರೆ ಕಂಟ್ರಾಕ್ಟರು ಸುಮ್ಮನಾಗಲಿಲ್ಲ. ಕುರಿದೊಡ್ಡಿ ಎಂದು ಆಕೆಯೇ ಒಪ್ಪಿಕೊಂಡಿದ್ದಾಳೆ, ಹಾಳುಬಿದ್ದ ಕುರಿದೊಡ್ಡಿಯ ಇಟ್ಟಿಗೆ ರಸ್ತೆಗೆ ಕೊಡಲು ಏನಡ್ಡಿ ಎಂದು ಸರ್ಕಾರಕ್ಕೆ ಅರ್ಜಿ ಹಾಕಿದರು. ಕಾಟಮ್ಮನ ಮಾತೇ ಕಾಟಮ್ಮನಿಗೆ ತಿರುಗಿಬಿತ್ತು. ಅರ್ಜಿ ಮಂಜೂರಾದರೆ ಇಟ್ಟಿಗೆ ಉಳಿಯುವಂತಿರಲಿಲ್ಲ.

ಅಷ್ಟರಲ್ಲಿ ಪುರಾತತ್ವ ಇಲಾಖೆಯ ಏಕಾಂತಪ್ಪ ಹಿರಿಯೂರಿನ ತೇರುಮಲ್ಲೇಶ್ವರ ಗುಡಿ ನೋಡಲು ಬಂದು ಇಮಾಮ್ ಸಾಬರ ಜಟಕಾ ಹತ್ತಿದರು. ನಗಿಸೋಣವೆಂದು ಸಾಬರು ಬೆಲ್‌ಬಾಟಂ ಕತೆ ಹೇಳಿದರು. ಏಕಾಂತಪ್ಪ ನಗುವುದನ್ನು ಬಿಟ್ಟು, ಇಟ್ಟಿಗೆ ಎಷ್ಟುದ್ದ ಎಂದು ಕೇಳಿದರು. ನಮ್ಮ ಲಾಯಕ್ಕೇ ಹೋಗಾಣ, ಕಣ್ಣಾರೆ ನೋಡ್ರಿ ಎಂದರು ಸಾಬರು. ನೋಡಿದವರು ಗುಡಿಯ ಮಾತು ಮರೆತು ಜಟಕಾವನ್ನು ಸೀದಾ ಗುಡ್ಡಕ್ಕೆ ಹೊಡೆಸಿದರು.

ಮಳೆಗಾಲ ಕಳೆದು ಅಗೆತ ನಡೆಯಿತು. ಇದು ಸ್ತೂಪವೆಂದು ಖಚಿತವಾದ ದಿನ ಏಕಾಂತಪ್ಪ ಕಾಟಮ್ಮನನ್ನು ಕೂರಿಸಿಕೊಂಡು, ಇದು ನಿಮ್ಮ ಹಿರಿಯರ ರೊಪ್ಪವಲ್ಲ ತಾಯಿ ಎಂದು ಹೇಳಿದರು. ಸ್ತೂಪವೆಂದರೆ ಇಟ್ಟಿಗೆ ಉಳಿಯುತ್ತದೆ, ರೊಪ್ಪವೆಂದರೆ ರಸ್ತೆಯಡಿ ಹೋಗುತ್ತದೆ ಎಂದೂ ಹೇಳಿದರು. ಕಾಟಮ್ಮ ಎದ್ದು ಮನೆಗೆ ಹೋದರು. ಅತ್ತೆ ಕೈಹಿಡಿದು ತೋರಿಸಿದ್ದು, ತಾನು ಅಷ್ಟು ವರ್ಷ ನೆತ್ತರು ಸುರಿಸಿದ್ದು ಯಾರದೋ ಗೋಡೆಗೆ ಎಂದರೆ ಯಾರ ಎದೆ ಒಡೆಯುವುದಿಲ್ಲ?

ಹಟ್ಟಿಯವರೂ ಸೇರಿದರು. ನಮ್ಮದಲ್ಲ ಎಂದಮೇಲೆ ನಮಗೇಕೆ ಪಾಳಿ, ಈ ಸಲ ಮುಳ್ಳು ಬೇಡ ಎಂದರು ಹಟ್ಟಿಯ ಯಜಮಾನರು. ಸರ್ಕಾರದ ಬೇಲಿ ಬರಲು ಇನ್ನೂ ಆದೇಶ ಆಗಬೇಕಿತ್ತು. ಅಷ್ಟು ದಿನ ಬಯಲಿಗೆ ಬಿಟ್ಟರೆ ಇಟ್ಟಿಗೆ ಹೊತ್ತೊಯ್ಯಲು ಲಾರಿಯೇ ಬೇಕಿಲ್ಲ, ಎತ್ತಿನ ಗಾಡಿಗಳೇ ಸಾಕು ಎಂಬುದು ಎಲ್ಲರಿಗೂ ಗೊತ್ತು. ಹಿರಿಯರ ಮುಂದೆ ಎಂದೂ ದನಿ ಎತ್ತದ ಕಾಟಮ್ಮ ಅಂದು ಎದ್ದು ನಿಂತರು.

"ನಮ್ಮ ಹಿರೇರಲ್ಲ, ಖರೆ. ಯಾರೋ ಒಬ್ಬರ ಹಿರೇರು ತಾನೆ? ಅವರಿಗೆ ಕಾಯೋರು ಯಾರೂ ಉಳಿದಿಲ್ಲ. ಇನ್ನೊಬ್ಬರ ಕುರಿ ದಾರಿ ತಪ್ಪಿ ಬಂದ್ರೆ ಕೂಡಿ ಹಾಕಿ ಕಾಯ್ತೀವಿ, ತೋಳಕ್ಕೆ ಬಿಟ್ಟುಕೊಡ್ತೀವೇನ್ರಪ್ಪ?"

ಮರುದಿನ ಬೆಳಗ್ಗೆ ಕಾಟಮ್ಮ ಕವೆಗೋಲು ಹಿಡಿದು ಹೊರಟಾಗ ಹಿಂದೆ ಯಾರೋ ಬರುವ ಸಪ್ಪಳ. ತಿರುಗಿ ನೋಡಿದರೆ ಹಟ್ಟಿಯ ಹೆಂಗಸರೆಲ್ಲ ಮಚ್ಚು, ಹಗ್ಗ ಹಿಡಿದು ಬರುತ್ತಿದ್ದಾರೆ. ಕಡಿದು ಹೊತ್ತು ತಂದವರು ಎಲ್ಲರೂ, ಕಟ್ಟಳೆ ಮೀರದಂತೆ ಬೇಲಿಗೆ ಇಟ್ಟವರು ಮಾತ್ರ ಕಾಟಮ್ಮ. ತಿಂಗಳ ಕೆಲಸ ವಾರದಲ್ಲಿ ಮುಗಿಯಿತು. ಆ ವರ್ಷದಷ್ಟು ದಟ್ಟ ಮುಳ್ಳು ಹಿಂದೆಂದೂ ಬಿದ್ದಿರಲಿಲ್ಲವಂತೆ. ಅದನ್ನು ಹೇಳುವಾಗ ಕಾಟಮ್ಮನ ಮುಖ ನೋಡಬೇಕು!

ಈಗ ಆದೇಶ ಬಂದಿದೆ. ಜಾಗ ಸಂರಕ್ಷಿತವಾಗಿದೆ, ಕಂಟ್ರಾಕ್ಟರ ಅರ್ಜಿ ತಿರಸ್ಕಾರವಾಗಿದೆ. ಇಂದು ಕಬ್ಬಿಣದ ಕಂಬ, ಮುಳ್ಳುತಂತಿ ಬಂದಿಳಿದಿವೆ. ಹಳೆ ಬೇಲಿ ತೆಗೆಯಲು ಆಳುಗಳು ಸಿದ್ಧರಿದ್ದರೂ ಏಕಾಂತಪ್ಪ ಬಿಟ್ಟಿಲ್ಲ. ಹಾಕಿದವರೇ ತೆಗೆಯಲಿ ಎಂದು ತಾವೇ ಹಟ್ಟಿಗೆ ಹೋಗಿ ಕರೆದಿದ್ದಾರೆ. ಅದಕ್ಕೇ ಈ ಬೆಳಗಿನ ಕೆಲಸ.

ಬಿಸಿಲೇರುವ ಹೊತ್ತಿಗೆ ಕೊನೆಯ ಕಂಪೆ ಎದ್ದಿದೆ. ಆದಿವಾಲದಿಂದ, ಹಿರಿಯೂರಿನಿಂದ ಸ್ತೂಪ ನೋಡಲು ಜನ ಬರುತ್ತಿದ್ದಾರೆ. ಜುಂಜಯ್ಯ ಮಂದೆಯನ್ನು ಅಣ್ಣನಿಗೆ ಒಪ್ಪಿಸಿ ಬಂದಿದ್ದಾರೆ. ಪಾಪಣ್ಣ ಈ ಸಲ ಹೊಸ ಅಂಗಿ ಹಾಕಿಕೊಂಡು ಹೆಂಡತಿಯೊಡನೆ ಬಂದಿದ್ದಾರೆ. ಸಂತೆಯಲ್ಲಿ ಗೇಲಿ ಮಾಡಿದ್ದವರೂ ಇದ್ದಾರೆ. ಕಾಟಮ್ಮ ಬಾಗಿಲಲ್ಲಿ ನಿಂತು ಎಲ್ಲರ ಕಾಲು ನೋಡುತ್ತಿದ್ದಾರೆ. ಹೊರಗೆ ಚಪ್ಪಲಿಗಳ ಗುಡ್ಡೆ ಬೆಳೆಯುತ್ತಿದೆ. ಏಕಾಂತಪ್ಪನ ಬೂಟುಗಳೂ ನನ್ನವುಗಳ ಪಕ್ಕದಲ್ಲಿ ಕೂತಿವೆ.

ಏನಾದರೂ ಬೇಕೇ ಎಂದು ಕೇಳಿದೆ. ಸರ್ಕಾರದ ಬೋರ್ಡಿನಲ್ಲಿ, ಮೆಟ್ಟು ಹೊರಗೆ ಬಿಡ್ರಿ ಅಂತ ಒಂದು ಮಾತು ಬರೆಸಿದರೆ ಸಾಕು ಎಂದರು. ಬರೆಸಿಯೇ ಹೋಗುತ್ತೇನೆಂದು ಏಕಾಂತಪ್ಪ ಮಾತು ಕೊಟ್ಟಿದ್ದಾರೆ.

ಅಷ್ಟರಲ್ಲಿ ಇಮಾಮ್ ಸಾಬರು ಬರಿಗಾಲಲ್ಲಿ, ನನ್ನ ಕಣಕಾಲು ಜಜ್ಜಿದ ಆ ಗೋಣಿಗಂಟನ್ನು ಎದೆಗವಚಿಕೊಂಡು ಬರುತ್ತಾರೆ. ಬಿಚ್ಚಿದರೆ, ಲಾಯದ ಎರಡು ಇಟ್ಟಿಗೆ. ಕಾಟಮ್ಮ ಅವುಗಳ ಮೇಲೆ ಕೈಯಾಡಿಸುತ್ತಾರೆ.

"ಬಾ ಸಾಬಣ್ಣ. ತಪ್ಪಿಸ್ಕಂಡಿದ್ವು, ಬಂದ್ವಲ್ಲ."

ಸಾಬರು ಕಣ್ಣೊರೆಸಿಕೊಂಡು ಒಳಗೆ ಹೋಗುತ್ತಾರೆ. ಹಿಂದೆಯೇ ಜನ. ಸಂಜೆ ಕುರಿ ಕೂಡುವಾಗ ಮಾಡುವ ಹಾಗೆ, ಕಾಟಮ್ಮ ಒಳಗೆ ಹೋಗುವ ಒಬ್ಬೊಬ್ಬರ ಬೆನ್ನನ್ನೂ ಅಂಗೈಯಿಂದ ಮೆಲ್ಲಗೆ ತಟ್ಟುತ್ತಿದ್ದಾರೆ. ಅದು ಅವರಿಗೇ ಗೊತ್ತಿಲ್ಲ. ನನ್ನ ಬೆನ್ನಿಗೂ ಒಂದು ಏಟು ಬೀಳುತ್ತದೆ. ತಿರುಗಿದರೆ ಮುಖದ ತುಂಬ ನಗು.

"ಖಾಲಿ ರೊಪ್ಪ ಅಂತಿದ್ರು ಸ್ವಾಮಿ. ನೋಡ್ರಿ, ತುಂಬೈತೆ."