ಎರಡೂ ಎಡತೋಳು

ಬೆಳಿಗ್ಗೆ ಹೊಲಿಗೆ ದೊಡ್ಡಮ್ಮ ಮಿಷನ್ನಿನ ಮುಂದೆ ಕೂತಳೆಂದರೆ ಮೊದಲು ಒಂದು ತೊಟ್ಟು ಎಣ್ಣೆ, ಮನಸ್ಸಿನಲ್ಲೇ ದೇವರ ನೆನಪು, ಆಮೇಲೆ ಚಿಂದಿ ಬಟ್ಟೆಯ ಮೇಲೆ ಒಂದು ಸಾಲು ಹೊಲಿಗೆ. ಜ್ವರವಿರಲಿ, ಅವಸರವಿರಲಿ, ಇದು ತಪ್ಪಿದ್ದಿಲ್ಲ. "ತಪ್ಪೋದಿದ್ರೆ ಇದರ ಮೇಲೆ ತಪ್ಪಲಿ" ಎನ್ನುತ್ತಿದ್ದಳು.

ಮೆಟ್ಟಿಲ ಕೆಳಗಿನ ಅವಳ ಕಿರುಕೋಣೆಯಲ್ಲಿ ಆಗ ನಾಲ್ಕು ಹುಡುಗಿಯರು ಕಲಿಯುತ್ತಿದ್ದರು. ಅವರಲ್ಲಿ ಎದುರುಮನೆಯ ಹುಡುಗಿ ಬಾಯಿ ಬಿಡುವುದೇ ಅಪರೂಪ. ಲೆಕ್ಕದಲ್ಲಿ ಎರಡು ಸಲ ಫೇಲಾಗಿ ಶಾಲೆ ಬಿಟ್ಟವಳು. ಇನ್ನೊಮ್ಮೆ ಪರೀಕ್ಷೆಗೆ ಕೂರು ಎಂದರೆ ತಲೆ ತಗ್ಗಿಸುತ್ತಿದ್ದಳು. ಹೊಲಿಗೆಯಾದರೂ ಕೈಹಿಡಿದೀತೆಂದು ಅಮ್ಮ ಕಳಿಸಿದ್ದಳು.

ಒಂದು ಮಧ್ಯಾಹ್ನ ಅವಳು ತನ್ನ ಮೊದಲ ಅಂಗಿ ಕತ್ತರಿಸಿದಳು. ಹೂವಿನ ಬಟ್ಟೆ, ಮಗುಚಿದರೆ ಮಂಕು ಹಿಂಬದಿ. ಎರಡನೆಯ ತೋಳಿಗೆ ಕಾಗದದ ಅಚ್ಚನ್ನು ಮಗುಚಿಡಲು ಮರೆತು, ಒಂದೇ ಮುಖವಾಗಿಟ್ಟು ತೋಳುಗಳನ್ನು ಕತ್ತರಿಸಿಬಿಟ್ಟಿದ್ದಳು. ಜೋಡಿಸಲು ಹೋದರೆ ಎರಡೂ ಎಡತೋಳು!

"ಬಲಗೈನ ಮನೇಲೇ ಬಿಟ್ಟು ಬರಬೇಕೇನೇ ಇದನ್ನ ಹಾಕ್ಕೊಳ್ಳೋರು?" ಎಂದಳೊಬ್ಬಳು. ಉಳಿದವರು ಬಿದ್ದು ಬಿದ್ದು ನಕ್ಕರು.

ಹುಡುಗಿ ಕತ್ತರಿ ಕೆಳಗಿಟ್ಟಳು. "ನಾಳೆಯಿಂದ ಬರಲ್ಲ ದೊಡ್ಡಮ್ಮ. ನನ್ ತಲೆಗೆ ಏನೂ ಹತ್ತಲ್ಲ."

ದೊಡ್ಡಮ್ಮ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ತಗಡಿನ ಪೆಟ್ಟಿಗೆಯ ತಳದಿಂದ ಬಣ್ಣಗೆಟ್ಟ ಗಂಟೊಂದನ್ನು ತೆಗೆದು ಬಿಚ್ಚಿದಳು. ನೀಲಿ ಪಟ್ಟೆಯ ಎರಡು ತೋಳು. ಎರಡೂ ಬಲದವು.

"ಯಾರದಿದು?"

"ನಂದೇ. ನಮ್ಮಪ್ಪನ ಅಂಗಿಗೆ ಕತ್ತರಿಸಿದ್ದು. ಮೂರು ದಿನ ಮಂಚದಡಿ ಬಚ್ಚಿಟ್ಟಿದ್ದೆ. ನಿನ್ನೆರಡು ಎಡ, ನನ್ನೆರಡು ಬಲ, ಸೇರಿದರೆ ಎರಡು ಅಂಗಿಗಾಯ್ತು ನೋಡು!"

ಈ ಸಲ ಮೊದಲು ನಕ್ಕವಳು ಆ ಹುಡುಗಿಯೇ.

"ಉಳಿದ ಬಟ್ಟೇಲಿ ಒಂದು ಬಲತೋಳು ಬರುತ್ತಾ, ಅಳತೆ ಮಾಡು."

ಹುಡುಗಿ ಟೇಪು ಹಿಡಿದಳು. "ಮುಕ್ಕಾಲು ಮೀಟರಿದೆ. ತೋಳಿಗೆ ಅರ್ಧ ಮೀಟರ್ ಹೋದರೂ ಕಾಲು ಉಳಿಯುತ್ತೆ."

"ಶಾಲೇಲಿ ನಿನ್ನ ಅಳಿಸಿದ್ದು ಇದೇ ಕಾಲು ಮುಕ್ಕಾಲು ತಾನೇ? ಇಲ್ಲಿ ಹೇಗೆ ಬಂತು?"

ಹುಡುಗಿ ಟೇಪನ್ನು ಇನ್ನೊಮ್ಮೆ ಹಿಡಿದು ನೋಡಿದಳು. ಮರುದಿನ ಅವಳ ಬಟ್ಟೆಯ ಚೀಲದಲ್ಲಿ ಲೆಕ್ಕದ ಪುಸ್ತಕವೂ ಬಂತು.

ವರ್ಷಗಳು ಕಳೆದವು. ಲೆಕ್ಕದ ಟೀಚರಾಗಿ ಅವಳು ಮತ್ತೆ ಆ ಕೋಣೆಗೆ ಬಂದಾಗ ಅದೇ ಎಣ್ಣೆಯ ವಾಸನೆ, ಅದೇ ತುಳಿಯುವ ಮಿಷನ್ನಿನ ಟಕಟಕ. ದೊಡ್ಡಮ್ಮನ ಮಂಡಿ ಮಾತ್ರ ಊದಿತ್ತು. ಪಕ್ಕದಲ್ಲಿ ಹೊಸಬಳೊಬ್ಬಳು ಹೆದರುತ್ತಾ ಹೊಲಿಯುತ್ತಿದ್ದಳು.

"ಇದಕ್ಕೊಂದು ಮೋಟಾರ್ ಹಾಕಿಸಿಕೊಡ್ತೀನಿ ದೊಡ್ಡಮ್ಮ. ಬೇಡ ಅನ್ನಬೇಡಿ."

ದೊಡ್ಡಮ್ಮ ಅವಳ ಕೈ ಹಿಡಿದುಕೊಂಡಳು. "ಬೇಡ ಕಣೇ. ಮೋಟಾರು ಯಾರಿಗೂ ಕಾಯಲ್ಲ. ಇದಾದರೆ, ಮಗು ಹೆದರಿ ಕಾಲು ನಿಲ್ಲಿಸಿದರೆ ತಾನೂ ನಿಲ್ಲುತ್ತೆ."