ಏಳಾದ ಮೇಲೆ ಒಂಬತ್ತು

ಒಂದು ಎಂಟನ್ನು ಒಳಗೆ ಬಿಟ್ಟುಕೊಂಡು, ಮಾಸ್ತರೊಬ್ಬರ ಮೂವತ್ತು ವರ್ಷದ ಮಾನವನ್ನು ನಾನು ಕಳೆದ ವಾರ ಹೊರಗೆ ಹಾಕುವವನಿದ್ದೆ.

ನಾನು ಶಿರಹಟ್ಟಿಯಲ್ಲಿ ಕನ್ನಡ ಕಲಿಸುವವನೆಂಬುದು ನಿಮಗೆ ಗೊತ್ತೇ ಇದೆ. (ಲೆಕ್ಕ ನನ್ನ ಓಣಿಯಲ್ಲಿ ಹಾಯುವುದಿಲ್ಲ.) ನಮ್ಮ ಶಾಲೆಯ ಗಣಿತದ ಕುಲಕರ್ಣಿ ಮಾಸ್ತರು ಸೋಮವಾರ ನಿವೃತ್ತರಾಗುವವರಿದ್ದರು. ಅವರ ಗೌರವಕ್ಕೊಂದು ಪುಸ್ತಿಕೆ. ಅದರಲ್ಲಿ ಅವರದೇ ಒಂದು ಪುಟ. ಆ ಪುಟದಲ್ಲಿ ಅವರ ಮುದ್ದಿನ ಸಂಖ್ಯೆ: 12345679.

ನೋಡಿದಿರಾ, ಎಂಟಿಲ್ಲ. ಒಂಬತ್ತರಿಂದ ಗುಣಿಸಿ: 111111111. ಹದಿನೆಂಟರಿಂದ ಗುಣಿಸಿದರೆ ಸಾಲು ತುಂಬ ಎರಡು. ಇಪ್ಪತ್ತೇಳರಿಂದ ಗುಣಿಸಿದರೆ ಮೂರು. ಎಪ್ಪತ್ತೆರಡರಿಂದ ಗುಣಿಸಿದರೋ, ಒಳಗೆ ಇಲ್ಲದ ಎಂಟೇ ಒಂಬತ್ತು ಸಲ ಬಂದು ನಿಲ್ಲುತ್ತದೆ. ಸಮಾರಂಭದಲ್ಲಿ ಬಂದವರ ಕೈಗೆಲ್ಲ ಪೆನ್ಸಿಲು ಕೊಟ್ಟು ಇದನ್ನು ಮಾಡಿಸಬೇಕೆಂದು ಮಾಸ್ತರ ಆಸೆ.

ಅಚ್ಚಿಗೆ ಕೊಟ್ಟದ್ದು ಬೆಟಗೇರಿಯ ಒಂದು ಪ್ರೆಸ್ಸಿಗೆ. ಅಲ್ಲಿ ಅಚ್ಚಿನ ಮೊಳೆ ಜೋಡಿಸುವವರು ಮಕ್ತುಂಸಾಬರು. ಏಳಾದ ಮೇಲೆ ಒಂಬತ್ತು ಕಂಡದ್ದೇ, ಪಾಪ, ದೊಡ್ಡವರ ಕೈ ತಪ್ಪಿದೆ ಎಂದುಕೊಂಡು ನಡುವೆ ಎಂಟರ ಮೊಳೆ ಕೂಡಿಸಿದರು. ಪ್ರೂಫ್ ನನಗೆ ಬಂತು. ಒಂದರಿಂದ ಒಂಬತ್ತರವರೆಗೆ ಬಾಯಿಪಾಠದಂತೆ ಓದಿ ಸಹಿ ಹಾಕಿದೆ.

ಶನಿವಾರ ಅಚ್ಚಾದ ಹಾಳೆ ನೋಡಲು ಹೋದವನು, ಪ್ರೆಸ್ಸಿನ ಕಟ್ಟೆಯ ಮೇಲೆ ಕುಳಿತು, ಹೊತ್ತು ಹೋಗದೆ ಆ ಸಂಖ್ಯೆಯನ್ನು ಬಸ್ ಟಿಕೀಟಿನ ಹಿಂದೆ ಒಂಬತ್ತರಿಂದ ಗುಣಿಸಿದೆ. 1111111101. ಅನ್ನದಲ್ಲಿ ಹರಳು ಸಿಕ್ಕಂತೆ ಒಂದುಗಳ ನಡುವೆ ಸೊನ್ನೆ! ಸೋಮವಾರ ಸಭೆಯೆಲ್ಲ ಪೆನ್ಸಿಲು ಹಿಡಿದಾಗ ಮಾಸ್ತರ ಮುಖ ಏನಾಗಬೇಕು?

ನಡುವೆ ಎಂಟು ಸೇರಿದ್ದು ಆಗ ಕಣ್ಣಿಗೆ ಬಿತ್ತು; ಒಳಗೆ ಹೋಗಿ ರೇಗಿದೆ. ಮಕ್ತುಂಸಾಬರು ತಲೆ ಎತ್ತಲಿಲ್ಲ.

“ನಾ ಹಾಕೀನಿ, ಖರೆ. ಸಹಿ ಯಾರದೈತ್ರಿ?”

ಸಹಿ ನನ್ನದೇ. ಪುಣ್ಯಕ್ಕೆ ಪುಸ್ತಿಕೆಗೆ ಇನ್ನೂ ಹೊಲಿಗೆ ಆಗಿರಲಿಲ್ಲ. ಆ ಒಂದು ಹಾಳೆ ಮತ್ತೆ ಅಚ್ಚು ಹಾಕಲು ಒಪ್ಪಿದರು. ಆದರೆ ಎಂಟು ಯಾಕೆ ಇರಬಾರದು ಎಂದು ತಿಳಿಯುವವರೆಗೆ ಮೊಳೆ ಕೀಳುವುದಿಲ್ಲ ಎಂದರು. ನನಗೆ ಗೊತ್ತಿದ್ದರೆ ತಾನೆ?

ಕೊನೆಗೆ ಅವರೇ ಒಂಬತ್ತು ಸಲ ಒಂದು ಬರೆದು, ಒಂಬತ್ತರಿಂದ ಭಾಗಿಸತೊಡಗಿದರು. ಹನ್ನೊಂದರಲ್ಲಿ ಒಂದು ಸಲ, ಉಳಿದದ್ದು ಎರಡು. ಇಪ್ಪತ್ತೊಂದರಲ್ಲಿ ಎರಡು ಸಲ, ಉಳಿದದ್ದು ಮೂರು. ಹೀಗೇ ಮೆಟ್ಟಿಲೇರುತ್ತ ಎಪ್ಪತ್ತೊಂದಕ್ಕೆ ಬಂದರು: ಏಳು ಸಲ, ಉಳಿದದ್ದು ಎಂಟು. ಕೊನೆಯ ಒಂದನ್ನು ಕೆಳಗಿಳಿಸಿದರೆ ಎಂಬತ್ತೊಂದು. ಸರಿಯಾಗಿ ಒಂಬತ್ತು ಸಲ.

ಪೆನ್ಸಿಲು ನಿಂತಿತು.

“ಎಂಟು ಎಲ್ಲೂ ಹೋಗಿಲ್ರಿ ಸರ. ಕೆಳಗ ಉಳದೈತಿ. ಬಾಜೂಕಿನ ಒಂದನ್ನ ಕರಕೊಂಡು, ಒಂಬತ್ತಾಗಿ ಮ್ಯಾಲೆ ಹತ್ತೇತಿ.”

ಮೊಳೆ ಕಿತ್ತರು.

ಮನಸ್ಸು ತಡೆಯದೆ ಭಾನುವಾರ ಮಾಸ್ತರಿಗೆ ಎಲ್ಲ ಹೇಳಿಬಿಟ್ಟೆ. ಬೈಯುತ್ತಾರೆ ಎಂದುಕೊಂಡಿದ್ದೆ.

“ಮೂವತ್ತು ವರ್ಷ ಹುಡುಗರು ಚಪ್ಪಾಳಿ ಹೊಡದ್ರು,” ಎಂದರು. “ಎಂಟು ಯಾಕಿಲ್ಲ ಅಂತ ಒಬ್ಬರೂ ಕೇಳಲಿಲ್ಲೋ.”

ಸೋಮವಾರ ಸಮಾರಂಭ ಮುಗಿದದ್ದೇ ತಡ, ಕೊರಳಿನ ಹಾರವನ್ನೂ ತೆಗೆಯದೆ ಮಕ್ತುಂಸಾಬರನ್ನು ಕಾಣಲು ಬೆಟಗೇರಿಯ ಬಸ್ಸು ಹತ್ತಿದರು.

ಯಾಕೆ ಎಂದು ಕೇಳಬೇಕಾದರೆ, ಮೊದಲು ತಪ್ಪು ಮಾಡಿಯೇ ಇರಬೇಕೇನು?